ಕಡಿಯದ ಎಳೆ

ಬದನವಾಳು
೧೬-೭-೨೦೦೬

ನನ್ನ ಕೂಸು ಕೋಮಲಳಿಗೆ,

ದೊಡ್ಡವ್ವನ ಆಶೀರ್ವಾದ ಆಮೇಲೆ. ಮೊದಲು ಎದ್ದು ಕಿಟಕಿ ತೆಗೆ. ತೆಗೆದೆಯಾ? ಈಗ ಕೂತು ಓದು.

ಕಾಗದ ಯಾಕೆ, ಅಂಗಡಿಯ ಫೋನಿನಲ್ಲಿ ಮಾತಾಡಬಾರದೇ ಎಂದು ನಿನ್ನ ಗಂಡ ಜಗನ್ ಕೇಳಿದ. ಆ ಫೋನಿನಲ್ಲಿ ಮಾತಾಡಿದರೆ ಸಕ್ಕರೆ ಕೊಳ್ಳಲು ಬಂದವರೆಲ್ಲ ನಮ್ಮ ಮನೆಯ ಕಷ್ಟವನ್ನೂ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ. ದಿನವೂ ಬಸ್ಸಿನ ತುಂಬ ಜನರನ್ನು ನೋಡುವ ಕಂಡಕ್ಟರಿಗೆ ಅಷ್ಟೂ ತಿಳಿಯಬೇಡವೇ.

ಹೋದ ತಿಂಗಳು ನೀನು ಇಲ್ಲಿ ಬಂದು ಮಲಗಿದ್ದೆಯಲ್ಲ, ಆಗ ನೀನಾಡಿದ ಮಾತು ನನ್ನೊಳಗೆ ಇನ್ನೂ ಹಾಗೇ ಇದೆ. ಚಿಕೂನ್‌ಗುನ್ಯ ಬಂದು ನಿನ್ನ ಕೈಕಾಲಿನ ಕೀಲುಗಳನ್ನು ಹಿಡಿದದ್ದು ನನಗೇನೂ ಹೊಸದಲ್ಲ, ಈ ಸಲ ಊರಿಗೆ ಊರೇ ಕೋಲೂರಿಕೊಂಡು ನಡೆಯಿತು. ಉಳಿದವರಿಗೆ ನೋವು ಇಳಿಯುತ್ತ ಬಂದ ಹಾಗೆ ಹಸಿವು ಬಂತು, ಜಗಳವಾಡುವ ಬಾಯಿಯೂ ಬಂತು. ನಿನಗೆ ಏನೂ ಬರಲಿಲ್ಲ. ಸಾರು ಕಲಸಿ ತುತ್ತು ಕೊಟ್ಟರೆ, "ಅನ್ನ ತಿಂದ್ರೂ ಒಂದೇ, ಮಣ್ಣು ತಿಂದ್ರೂ ಒಂದೇ ದೊಡ್ಡವ್ವ" ಅಂದೆ. ಅದನ್ನಾದರೂ ತಡೆದುಕೊಂಡೆ. ಹೊರಡುವ ದಿನ ತಲೆ ಬಾಚುತ್ತಿದ್ದಾಗ ನನ್ನ ಕಡೆ ತಿರುಗದೆ ಇನ್ನೊಂದು ಮಾತು ಹೇಳಿದೆ. "ಸಂಗಮದ ಮೆಟ್ಲ ಮೇಲೆ ಕೂತ್ರೆ ನೀರು ಕರೀತದೆ. ಓಗ್ದೆ ಇರಕ್ಕೆ ಒಂದು ಕಾರಣ ಹುಡುಕ್ತೀನಿ, ಸಿಗಲ್ಲ."

ನಿನ್ನವ್ವ ನನ್ನ ತಂಗಿ. ಅವಳು ಕಣ್ಣು ಮುಚ್ಚುವಾಗ ನೀನು ಅವಳ ಸೆರಗು ಹಿಡಿದು ನಿಂತಿದ್ದೆ. ಆ ಸೆರಗನ್ನು ನಿನ್ನ ಮುಷ್ಟಿಯಿಂದ ಬಿಡಿಸಿ ನನ್ನ ಸೆರಗನ್ನು ಹಿಡಿಸಿದವಳು ನಾನು. ನೀರಿಗೆ ಕೊಡಲು ಅಲ್ಲ.

ನರಸೀಪುರದ ಶಾಲೆಯ ಮಕ್ಕಳು ತಮ್ಮ ಡ್ರಾಯಿಂಗ್ ಮೇಡಂ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಾರಂತೆ. ಇಲ್ಲಿ ನಮ್ಮ ಖಾದಿ ಕೇಂದ್ರದ ನೇಯುವವರೂ ಕೇಳುತ್ತಾರೆ, ಸೀರೆಯ ಅಂಚಿಗೆ ಕೋಮಲ ಹೊಸದೇನೂ ಬರೆದುಕೊಟ್ಟಿಲ್ಲವೇ ಎಂದು. ಪೆನ್ಸಿಲ್ ಹಿಡಿದರೆ ತಲೆಯೊಳಗೆ ಏನೂ ಇಲ್ಲ, ಸುಣ್ಣ ಬಳಿದ ಗೋಡೆಯ ಹಾಗಿದೆ ಎಂದೆಯಲ್ಲ. ತಲೆಯೊಳಗೆ ಹುಡುಕಬೇಡ ಮಗಳೇ. ಅಲ್ಲಿ ಯಾವತ್ತೂ ಏನೂ ಇರುವುದಿಲ್ಲ. ಎಲ್ಲ ಹೊರಗಿನಿಂದಲೇ ಒಳಗೆ ಬರಬೇಕು. ಬಾಗಿಲು ಮುಚ್ಚಿಕೊಂಡಿದೆ ಅಷ್ಟೇ.

ನಿನ್ನ ದೊಡ್ಡಪ್ಪ ಮಾರಯ್ಯ ತೀರಿಕೊಂಡಾಗ ನಾನೂ ಹೀಗೇ ಆಗಿದ್ದೆ. ಆಗ ಕೇಂದ್ರದ ಮಾದಮ್ಮ ನನ್ನನ್ನು ಕರೆದುಕೊಂಡು ಹೋಗಿ ರಾಟೆಯ ಮುಂದೆ ಕೂರಿಸಿದಳು. ನೂಲಬೇಡ, ಸದ್ದು ಮಾತ್ರ ಕೇಳು ಅಂದಳು. ಮಾರನೆಯ ದಿನ ಹತ್ತಿ ಮೂಸಿಸಿದಳು. ಒಣಗಿದ ಹತ್ತಿಗೆ ಹಸುಗೂಸಿನ ನೆತ್ತಿಯ ವಾಸನೆ ಇರುತ್ತದೆ, ನಿನಗೆ ಗೊತ್ತಿತ್ತೇ? ನನಗೂ ಅವತ್ತೇ ಗೊತ್ತಾಗಿದ್ದು. ಹೀಗೆ ಒಂದೊಂದೇ ಬಾಗಿಲು ತೆಗೆಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಅಕ್ಷರ ಕಲಿತದ್ದೂ ಅಲ್ಲೇ. ಇಲ್ಲದಿದ್ದರೆ ಈ ಕಾಗದವೇ ಇಲ್ಲ.

ಜಗನ್ ಕೈಯಲ್ಲಿ ಎರಡು ಸಾಮಾನು ಕಳಿಸಿದ್ದೇನೆ. ಒಂದು, ರಸಬಾಳೆಯ ಚಿಪ್ಪು. ರೋಗ ಬಂದು ತೋಟಗಳೇ ಹೋದ ಮೇಲೆ ನಂಜನಗೂಡಿನಲ್ಲೇ ರಸಬಾಳೆ ಸಿಗದ ಹಾಗಾಗಿದೆ. ಇದು ನಮ್ಮ ಕೇಂದ್ರದಲ್ಲಿ ಹತ್ತಿ ಬಿಡಿಸುವ ಕಲ್ಲಯ್ಯನ ಊರು ಹೆಮ್ಮರಗಾಲದ ಹಿತ್ತಿಲಿನದು. ದಿನಕ್ಕೆ ಒಂದೇ ತಿನ್ನು. ಕಣ್ಣು ಮುಚ್ಚಿಕೊಂಡು ಮೊದಲು ಮೂಸು. ಆಮೇಲೆ ನಾಲಿಗೆಯ ಮೇಲೆ ಇಟ್ಟುಕೊ, ಅಗಿಯಬೇಡ, ಅದೇ ಕರಗಲಿ. ಮೊದಲು ತಣ್ಣಗಿರುತ್ತದೆ. ಆಮೇಲೆ ನಾಲಿಗೆಯ ಪಕ್ಕದಲ್ಲಿ ಚೂರೇ ಚೂರು ಹುಳಿ. ಅದರ ಹಿಂದೆ ತುಪ್ಪದಂಥದ್ದು ಒಂದು ಬರುತ್ತದೆ. ಗಂಟಲು ದಾಟಿದ ಮೇಲೆ ಮೂಗಿನೊಳಗೆ ಹೂವಿನ ಹಾಗೆ ಏನೋ ಉಳಿಯುತ್ತದೆ. ಅದು ಸಿಗುವವರೆಗೂ ಎರಡನೆಯ ತುಂಡು ಮುಟ್ಟಬೇಡ.

ಇನ್ನೊಂದು, ನನ್ನ ಪೆಟ್ಟಿಗೆ ರಾಟೆ. ನೂಲುವುದನ್ನು ನೀನು ಮರೆತಿರುವುದಿಲ್ಲ. ನೂಲು ಸುತ್ತುವ ಕದಿರಿನ ಮೇಲೆ ನಾನು ಅರ್ಧ ನೂತ ನೂಲು ಇದೆ, ತುದಿಯಲ್ಲಿ ಹತ್ತಿಯ ಹಂಜಿ ಹಾಗೇ ಅಂಟಿಕೊಂಡಿದೆ. ಎಳೆಯನ್ನು ಕಡಿಯಬೇಡ. ನಾನು ಬಿಟ್ಟಲ್ಲಿಂದಲೇ ಹಿಡಿದುಕೊ. ದಿನಕ್ಕೆ ಒಂದೇ ಮಾರು ನೂಲು, ಹೆಚ್ಚು ಬೇಡ. ಬೆರಳಿನ ನಡುವೆ ಹತ್ತಿ ನೂಲಾಗುವ ಆ ಚಣವನ್ನು ಗಮನಿಸು. ಹೊಸ ಎಳೆ ಶುರು ಮಾಡುವ ಶಕ್ತಿ ಈಗ ನಿನ್ನ ಕೈಯಲ್ಲಿಲ್ಲ, ಅದಕ್ಕೇ ನನ್ನದನ್ನು ಕೊಟ್ಟಿದ್ದೇನೆ.

ನಿನ್ನ ದೊಡ್ಡವ್ವ
ಮಹದೇವಮ್ಮ

ಮರೆತಿದ್ದೆ: ಸಿಪ್ಪೆಯನ್ನು ಮೂಸದೆ ಎಸೆಯಬೇಡ.


ಬದನವಾಳು
೯-೮-೨೦೦೬

ಕೋಮಲ, ನನ್ನ ಮಗಳೇ,

ನಿನ್ನ ಕಾಗದ ಬಂತು. ಅಕ್ಷರಗಳು ಇರುವೆ ನಡೆದ ಹಾಗೆ ಸಣ್ಣಗೆ, ಪೆನ್ನು ಕಾಗದಕ್ಕೆ ತಾಕಿದೆಯೋ ಇಲ್ಲವೋ ಎನ್ನುವ ಹಾಗಿವೆ. ಇರಲಿ, ಬರೆದಿದ್ದೀಯಲ್ಲ.

ಮೊದಲ ಹಣ್ಣು ಹತ್ತಿ ಅಗಿದ ಹಾಗಿತ್ತು ಎಂದು ಬರೆದಿದ್ದೀಯ. ಆಮೇಲಿನ ಒಂದರಲ್ಲಿ ಹುಳಿ ಸಿಕ್ಕಿತು. ಚಿಪ್ಪು ಮುಗಿಯುವ ಹೊತ್ತಿಗೆ ನಾನು ಹೇಳಿದ ಹೂವೂ ಸಿಕ್ಕಿ, ಅಡುಗೆಮನೆಯಲ್ಲಿ ನಿಂತು ಅತ್ತೆಯಂತೆ. ಜಗನ್ ಹೆದರಿ ಪಕ್ಕದ ಮನೆಯವರನ್ನು ಕರೆದನಂತೆ. ಪಾಪ, ಹೆಂಡತಿ ಬಾಳೆಹಣ್ಣು ತಿಂದು ಅಳುವುದನ್ನು ಯಾವ ಗಂಡ ತಾನೇ ನೋಡಿರುತ್ತಾನೆ. ಓದಿ ನಾನು ಒಬ್ಬಳೇ ನಕ್ಕೆ.

ನೀನು ಕೇಳಿದ ಆ ಇನ್ನೊಂದು ವಿಷಯ. ನಾಗರಪಂಚಮಿಯ ದಿನ ಒಲೆಯನ್ನೇ ಹಚ್ಚದಿದ್ದರೂ ನಿನ್ನ ಮನೆಯಲ್ಲಿ ರಾಗಿ ಸೀದ ವಾಸನೆ ತುಂಬಿಕೊಂಡಿತು, ಕಿಟಕಿ ಬಾಗಿಲು ತೆಗೆದರೂ ಹೋಗಲಿಲ್ಲ, ಜಗನ್‌ನ ಮೂಗಿಗೆ ಏನೂ ಬರಲಿಲ್ಲ ಎಂದಿದ್ದೀಯ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಬಹಳ ದಿನ ಮುಚ್ಚಿದ್ದ ಮೂಗು ತೆರೆದುಕೊಂಡಾಗ ಹಳೆಯ ವಾಸನೆಗಳೂ ಒಳಗೆ ನುಗ್ಗುತ್ತವೆ. ಅವತ್ತು ಇಲ್ಲಿ ನನ್ನ ಅಂಬಲಿ ಪಾತ್ರೆಯೂ ಸೀದು ಹೋಯಿತು, ಅದು ಬೇರೆ ಮಾತು. ನಾನು ಒಲೆಯ ಮುಂದೆಯೇ ಕೂತು ಅಕ್ಕಿ ಆರಿಸುತ್ತಿದ್ದೆ. ಪಕ್ಕದ ಮನೆಯವರು ಓಡಿಬಂದು ಪಾತ್ರೆ ಇಳಿಸಿದರು. ನೆಗಡಿ ಹಿಡಿದಿರಬೇಕು.

ಕಲ್ಲಯ್ಯ ನನಗೂ ಒಂದು ರಸಬಾಳೆ ತಂದುಕೊಟ್ಟ. ತಿಂದು, ಚೆನ್ನಾಗಿದೆ ಕಲ್ಲಯ್ಯ ಅಂದೆ. ಅವನು ನನ್ನ ಮುಖವನ್ನೇ ನೋಡುತ್ತ, "ಮದೇವಕ್ಕಾ, ಅದಿನ್ನೂ ಕಾಯಿ. ತಗಂಡೋಗಿ ಅಕ್ಕಿ ಡಬ್ಬಕ್ಕೆ ಆಕು ಅನ್ನಕ್ಕೆ ಬಾಯಿ ತೆಗೆಯೋದ್ರೊಳಗೆ ಮುಗಿಸ್ಬುಟ್ಟಲ್ಲ. ಬಾಯಿ ಒಗರಾಗ್ನಿಲ್ವಾ?" ಅಂದ. ವಯಸ್ಸಾದ ನಾಲಿಗೆಗೆ ಕಾಯಿಯೇನು ಹಣ್ಣೇನು ಎಂದು ನಗಿಸಿ ಕಳಿಸಿದೆ.

ನೂಲುತ್ತಿದ್ದೀಯ, ಅದೇ ಸಂತೋಷ. ಇನ್ನು ಕಿವಿ. ಜಗನ್‌ನ ಜೊತೆ ಸಂಗಮಕ್ಕೆ ಹೋಗು. ಒಬ್ಬಳೇ ಹೋಗಬೇಡ, ಮೆಟ್ಟಿಲು ಇಳಿಯಬೇಡ, ಈಗ ಹೊಳೆ ತುಂಬಿ ಬರುತ್ತಿದೆ. ಮೇಲೆ ನಿಂತು ಕಣ್ಣು ಮುಚ್ಚಿಕೊಂಡು ಕೇಳು. ಕಪಿಲೆ ಬರುವ ಸದ್ದು ಬೇರೆ, ಕಾವೇರಿ ಬರುವ ಸದ್ದು ಬೇರೆ. ಒಂದು ಪಿಸುಗುಟ್ಟುತ್ತದೆ, ಒಂದು ಸೀರೆ ಎಳೆದುಕೊಂಡು ನಡೆದ ಹಾಗಿರುತ್ತದೆ. ಯಾವುದು ಯಾವುದೆಂದು ನೀನೇ ಹೇಳು. ನೀರು ಕರೆಯುತ್ತದೆ ಎಂದೆಯಲ್ಲ, ಅದು ನಿಜವಾಗಿ ಏನು ಹೇಳುತ್ತದೆ ಎಂದು ಒಂದು ಸಲ ಪೂರ್ತಿ ಕೇಳಿಸಿಕೊ. ಕೇಳಿಸಿಕೊಂಡವರಿಗೆ ಅದರ ಭಯ ಹೋಗುತ್ತದೆ.

ಒಳ್ಳೆಯದಾಗಲಿ,
ದೊಡ್ಡವ್ವ

ಹಿಂದೆ ಬರೆಯಲು ಜಾಗ ಉಳಿದಿದೆ: ಎಳೆ ಹರಿಯದ ಹಾಗೆ ನೋಡಿಕೊ. ಬೇರೆಯವರಿಗೆ, ಹರಿದರೆ ಬೆರಳು ಒದ್ದೆ ಮಾಡಿ ಕೂಡಿಸಿ ಎನ್ನುತ್ತೇನೆ. ನಿನಗೆ ಹಾಗೆ ಹೇಳುವುದಿಲ್ಲ.


ಬದನವಾಳು
೧೨-೯-೨೦೦೬

ಕೂಸೇ,

ಈ ಸಲದ ನಿನ್ನ ಕಾಗದವನ್ನು ಮೂರ್ನಾಲ್ಕು ಸಲ ಓದಿದೆ. ಶಾಲೆಗೆ ಹೋಗಲು ಶುರು ಮಾಡಿದೆ ಎಂದು ಮೊದಲೇ ಬರೆಯುವುದು ಬಿಟ್ಟು ಕೊನೆಯಲ್ಲಿ ಬರೆದಿದ್ದೀಯ. ಮಕ್ಕಳು ಚಪ್ಪಾಳೆ ತಟ್ಟಿದ್ದು ತೀರಾ ಜೋರಾಗಿ ಕೇಳಿಸಿ ಕಿವಿ ಮುಚ್ಚಿಕೊಂಡೆಯಂತೆ. ಮುಚ್ಚಬೇಡ. ಅಭ್ಯಾಸವಾಗುತ್ತದೆ.

ಈಗ ರೈಲಿನ ವಿಷಯ. ದೀಪ ಹಚ್ಚುವ ಹೊತ್ತಿಗೆ ನಿನಗೆ ರೈಲು ಕೂಗುವುದು ಕೇಳುತ್ತದೆ, ಹಳಿಯ ಮೇಲೆ ಗಾಲಿ ಉರುಳುವುದು ಕೇಳುತ್ತದೆ, ಆಮೇಲೆ ಅದು ದೂರ ಹೋಗುವುದೂ ಕೇಳುತ್ತದೆ ಎಂದು ಬರೆದಿದ್ದೀಯ. ಜಗನ್‌ಗೆ ಹೇಳಿದರೆ, "ನರಸೀಪುರಕ್ಕೆ ರೈಲು ಯಾವಾಗ ಬಂತಮ್ಮಿ, ಬಂದಿದ್ರೆ ನನ್ ಬಸ್ಸು ಖಾಲಿ ಓಡಾಡ್ತಿತ್ತಲ್ಲ" ಅಂದನಂತೆ. ಅವನ ಮೇಲೆ ಸಿಟ್ಟಾಗಬೇಡ. ಅಲ್ಲಿ ರೈಲಿಲ್ಲ ಎನ್ನುವುದು ನಿಜ ತಾನೇ. ನೀನು ಬೆಳೆದದ್ದು ನಮ್ಮ ಸ್ಟೇಷನ್ನಿನ ಪಕ್ಕದಲ್ಲಿ. ಚಾಮರಾಜನಗರದ ಗಾಡಿ ಹೋದ ಮೇಲೇ ನಿನಗೆ ಊಟ ಹಾಕುತ್ತಿದ್ದೆ. ಕಿವಿಗೆ ಅದರ ನೆನಪಿದೆ.

ಆದರೆ ಗೌರಿ ಹಬ್ಬದ ಹಿಂದಿನ ಸಂಜೆ ರೈಲಿನ ಕೂಗಿನ ಜೊತೆ ಒಂದು ಗಂಡಸಿನ ದನಿ ಕೇಳಿತು ಎಂದಿದ್ದೀಯಲ್ಲ. ಅವನ ಮಾತನ್ನು ಮಾತಿಗೆ ಮಾತು ಬರೆದು ಕಳಿಸಿದ್ದೀಯ. "ಸಾಯಬೇಕು ಅಂತಿದ್ಯಾ ಮದೇವಕ್ಕಾ? ಅಷ್ಟು ಅರಚ್ಕೊಂಡು ಬತ್ತಾದೆ, ಹಳಿ ಮೇಲೆ ನಡ್ಕೊಂಡು ಓಯ್ತಾ ಇದ್ದೀಯಲ್ಲ." ಅದನ್ನು ಓದಿ ಕಾಗದ ಮಡಿಸಿಟ್ಟು, ಮತ್ತೆ ಬಿಚ್ಚಿ ಓದಿದೆ.

ಸುಳ್ಳು ಹೇಳುವುದಿಲ್ಲ. ಅವತ್ತು ಕೇಂದ್ರದಿಂದ ಬರುವಾಗ ಹಳಿ ದಾಟುತ್ತಿದ್ದೆ. ಯಾರೋ ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆದರು, ಬಿದ್ದೆ. ನೋಡಿದರೆ ಕಲ್ಲಯ್ಯ. ನನ್ನ ಪಕ್ಕದಲ್ಲೇ ರೈಲು ಹಾದುಹೋಯಿತು. ಗಾಳಿ ಮುಖಕ್ಕೆ ಬಡಿಯಿತು, ನೆಲ ಅದುರಿತು. ಕಲ್ಲಯ್ಯ ಬಹಳ ಬೈದ. ಏನೆಂದು ಬೈದ ಎನ್ನುವುದು ನಿನ್ನ ಕಾಗದದಿಂದ ಗೊತ್ತಾಯಿತು.

ಮುದುಕಿಗೆ ಯೋಚನೆ ಜಾಸ್ತಿ, ಕಿವಿಯ ಮೇಲೆ ಗಮನವಿರಲಿಲ್ಲ, ಅಷ್ಟೇ. ಈಗೀಗ ಇಲ್ಲಿ ಬಹಳ ನಿಶ್ಶಬ್ದವಾಗಿದೆ. ಕೇಂದ್ರದೊಳಗೆ ಹೋದರೆ ರಾಟೆಗಳೆಲ್ಲ ತಿರುಗುತ್ತಿರುತ್ತವೆ, ಹೆಂಗಸರು ತಲೆ ಆಡಿಸಿ ನಗುತ್ತಿರುತ್ತಾರೆ, ಮಗ್ಗದ ಲಾಳಿ ಅತ್ತಿಂದಿತ್ತ ಓಡುತ್ತದೆ. ನೀರಿನ ಅಡಿಯಲ್ಲಿ ನಡೆಯುವ ಕೆಲಸದ ಹಾಗೆ ಕಾಣುತ್ತದೆ. ನೋಡುತ್ತ ಕೂತರೆ ಹಿತವಾಗಿಯೂ ಇದೆ. ಅಂಗಡಿಗೆ ಫೋನ್ ಮಾಡಿ ನನ್ನನ್ನು ಕರೆಸಬೇಡ. ಅಂಗಡಿಯವರು ಮೂರು ಸಲ ಬಂದು ಹೇಳಿದರೂ ನಾನು ಬರಲಿಲ್ಲ ಎಂದು ಜಗನ್ ಮುನಿಸಿಕೊಂಡಿದ್ದಾನೆ. ಕಾಗದದಲ್ಲಿ ಇರುವ ಮಾತು ಫೋನಿನಲ್ಲಿ ಎಲ್ಲಿ ಬರುತ್ತದೆ.

ಎರಡು ಹೊಳೆಯ ಸದ್ದನ್ನು ಬೇರೆ ಬೇರೆ ಮಾಡಿ ಹೇಳಿದೆಯಲ್ಲ, ಸರಿಯಾಗಿದೆ. ಪಿಸುಗುಟ್ಟುವುದು ನಮ್ಮ ಕಪಿಲೆಯೇ. ಮುಂದಿನ ಸೋಮವಾರ ನಾನು ನಂಜನಗೂಡಿಗೆ ಹೋಗಿ ಅದರಲ್ಲಿ ಕೈ ಅದ್ದುತ್ತೇನೆ. ಮಳೆ ಇಳಿದಿದ್ದರೆ ನೀನೂ ಅವತ್ತು ಸಂಗಮದಲ್ಲಿ ಕೈ ಅದ್ದು. ಜಗನ್ ನಿನ್ನ ಪಕ್ಕದಲ್ಲಿರಬೇಕು. ಬೆರಳುಗಳನ್ನು ಬಿಡಿಸಿ ನೀರಿನಲ್ಲಿ ಸುಮ್ಮನೆ ಬಿಡು. ಎಲ್ಲಿ ಬೆಚ್ಚಗಿದೆ, ಎಲ್ಲಿ ತಣ್ಣಗಿದೆ, ಯಾವ ಬೆರಳಿಗೆ ಮೊದಲು ಗೊತ್ತಾಗುತ್ತದೆ, ನೋಡಿಕೊ.

ಇಂತಿ
ನಿನ್ನ ದೊಡ್ಡವ್ವ

ಒಂದು ಕೆಲಸ ಮಾಡು: ರೈಲು ಬಂದಾಗ ಅದು ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಮೊದಲಿನ ಹಾಗೇ ಎರಡು ಸಲ ಕೂಗಿ ಹೊರಡುತ್ತದೆಯೇ, ಬರೆದು ತಿಳಿಸು. ಸುಮ್ಮನೆ ಕೇಳಿದೆ.


ಬದನವಾಳು
೧೪-೧೦-೨೦೦೬

ಮಗಳೇ ಕೋಮಲ,

ಬೆಳಗಿನ ಬಿಸಿಲಿಗೆ ಕಾಗದ ಹಿಡಿದು ಬರೆಯುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ಮೇಡಂ ಆಗಿ ತಿದ್ದಬೇಡ.

ಹಬ್ಬಕ್ಕೆ ಬರುತ್ತೇನೆ ಎಂದಿದ್ದೀಯ. ಬೇಡ. ಮನೆಗೆ ಸುಣ್ಣ ಬಳಿಸುತ್ತಿದ್ದೇನೆ, ಸಾಮಾನೆಲ್ಲ ಹೊರಗಿದೆ, ನಿನ್ನನ್ನು ಎಲ್ಲಿ ಕೂರಿಸಲಿ. ಶಾಲೆಗೆ ರಜೆ ಎಂದು ತಿರುಗಬೇಡ, ಮನೆಯಲ್ಲಿ ಕೂತು ಚಿತ್ರ ಬರೆ. ಕೈಗೆ ಬಂದದ್ದನ್ನು ನಡುವೆ ಬಿಟ್ಟರೆ ಬೇಸರಪಟ್ಟುಕೊಂಡು ಹೊರಟುಹೋಗುತ್ತದೆ.

ಈಗ ಮಾದಮ್ಮನ ಮಾತು. ಅವಳು ಮಗಳ ಮನೆಗೆ ಹೋಗುವಾಗ ಜಗನ್‌ನ ಬಸ್ಸು ಹತ್ತಿದ್ದಳಂತೆ. ಟಿಕೆಟ್ ಕೊಡುವಾಗ ಅವನ ಕೈ ಹಿಡಿದುಕೊಂಡು, "ರಾಟೆ ಕೊಟ್ಟಾಗ ಮದೇವಿ ಎಳೆ ಕಡಿದ್ಲಾ ಇಲ್ವಾ, ಓಗಿ ನಿನ್ನೆಡ್ತಿನ ಕೇಳ್ಲಾ" ಅಂದಳಂತೆ. ಕಡಿದಿರಲಿಲ್ಲ, ಯಾಕೆ ಎಂದು ನೀನು ನನ್ನನ್ನು ಕೇಳಿದ್ದೀಯ. ನಗುವ ಕಥೆ, ಹೇಳುತ್ತೇನೆ.

ಮಾದಮ್ಮನ ಕಾಲದ ನೂಲುವವರಲ್ಲಿ ಒಂದು ಪದ್ಧತಿ ಇತ್ತು. ಒಬ್ಬಳು ರಾಟೆ ಬಿಟ್ಟು ಎದ್ದು ಇನ್ನೊಬ್ಬಳು ಕೂರುವುದಾದರೆ ಎದ್ದವಳು ತನ್ನ ಎಳೆಯನ್ನು ಕಡಿದು ಏಳಬೇಕು. ಕೂತವಳು ತನ್ನದನ್ನು ಹೊಸದಾಗಿ ಶುರು ಮಾಡಬೇಕು. ಕಡಿಯದ ಎಳೆಯನ್ನು ಕೈ ಬದಲಾಯಿಸಿದರೆ ಕೊಟ್ಟವಳದ್ದು ತೆಗೆದುಕೊಂಡವಳಿಗೆ ಹೋಗುತ್ತದಂತೆ. ಏನು ಹೋಗುತ್ತದೆ ಎಂದು ನಾನು ಆಗಲೇ ಕೇಳಿದ್ದೆ. ಅದಕ್ಕೆ ಅವಳು ಬಿಳಿಗೆರೆ ಕಡೆಯ ಒಬ್ಬ ಅತ್ತೆಯ ಕಥೆ ಹೇಳಿದಳು. ಬಾಣಂತನ ಕೆಟ್ಟು ಸೊಸೆ ಮೇಲೇಳದೆ ಮಲಗಿದಳು. ಕೈಗೂಸು ಅತ್ತರೂ ತಿರುಗಿ ನೋಡುತ್ತಿರಲಿಲ್ಲ. ಅತ್ತೆ ತಾನು ನೂಲುತ್ತಿದ್ದ ಎಳೆಯನ್ನು ಹಾಗೇ ಅವಳ ಬೆರಳಿಗೆ ಹಿಡಿಸಿದಳು. ಸುಗ್ಗಿಯ ಹೊತ್ತಿಗೆ ಸೊಸೆ ಎದ್ದು ಹಾಡುತ್ತ ರಾಗಿ ಬೀಸುತ್ತಿದ್ದಳು. ಅತ್ತೆ ಜಗಲಿಯ ಮೇಲೆ ಕೂತಿರುತ್ತಿದ್ದಳು. ಕರೆದರೆ ತಿರುಗುವುದಿಲ್ಲ, ಮುಂದೆ ನಿಂತರೆ ನೋಡುವುದಿಲ್ಲ, ಭುಜ ಮುಟ್ಟಿದರೂ ಗೊತ್ತಾಗುವುದಿಲ್ಲ. "ಗೋಡೆಗೆ ಒರಗಿ ಒರಗಿ ಗೋಡೆನೇ ಆಗೋದ್ಲು" ಎನ್ನುತ್ತಾಳೆ ಮಾದಮ್ಮ.

ಎಳೆಯನ್ನು ನಡುವೆ ಕಡಿದರೆ ಏನಾಗುತ್ತದೆ ಎಂದೂ ಕೇಳಿದ್ದೆ. ಕಡಿದರೆ ಇಬ್ಬರಿಗೂ ಇಲ್ಲ, ಸೊಸೆಯೂ ಮತ್ತೆ ಮಲಗುತ್ತಾಳೆ, ಅತ್ತೆಗೂ ಏನೂ ತಿರುಗಿ ಬರುವುದಿಲ್ಲ ಅಂದಳು. ನಾವು ಇದನ್ನೆಲ್ಲ ನಂಬುವ ಜನವಲ್ಲ. ಆದರೂ ಸುಮ್ಮನೆ ಯಾಕೆ ಕಡಿಯಬೇಕು. ಇನ್ನು ಸ್ವಲ್ಪವೇ ಹಂಜಿ ಉಳಿದಿರಬೇಕಲ್ಲ, ಮುಗಿಸು. ಮುಗಿದ ಮೇಲೆ ಕದಿರನ್ನು ಜಗನ್ ಕೈಯಲ್ಲಿ ಕಳಿಸು. ನಿನಗೆಂದು ಕೆಂಪು ಸೀರೆಯೊಂದು ಮಗ್ಗದ ಮೇಲಿದೆ. ಅದರ ಸೆರಗಿಗೆ ಆ ನೂಲಿನಿಂದ ಅಡ್ಡಕ್ಕೆ ಬಿಳಿಯ ಗೆರೆ ಹಾಕಿಸುತ್ತೇನೆ.

ಸಂಗಮದಲ್ಲಿ ಕೈ ಅದ್ದಿದಾಗ ನಡೆದದ್ದನ್ನು ಬರೆದಿದ್ದೀಯ. ಕಪಿಲೆಯ ಕಡೆಯ ನೀರಿನಲ್ಲಿ ಒಂದು ಕೈ ನಿನ್ನ ಕೈಯನ್ನು ಹಿಡಿಯಿತು. ಮೀನಲ್ಲ, ಬಳ್ಳಿಯಲ್ಲ, ಹೆಬ್ಬೆರಳಿನ ಪಕ್ಕದಲ್ಲಿ ಜಡ್ಡುಗಟ್ಟಿದ ಬೆರಳಿತ್ತು. ಹಂಜಿ ಹಿಡಿದವರಿಗೆ ಮಾತ್ರ ಅಲ್ಲಿ ಜಡ್ಡುಗಟ್ಟುತ್ತದೆ, ಅದು ನಿನಗೂ ಗೊತ್ತು. ಚೀರಲಿಲ್ಲ ಎಂದಿದ್ದೀಯ, ಒಳ್ಳೆಯದಾಯಿತು. ಆ ಕೈ ನಿನ್ನನ್ನು ಒಳಕ್ಕೆ ಎಳೆಯಲಿಲ್ಲ, ಮೆಲ್ಲಗೆ ದಡದ ಕಡೆಗೆ ತಳ್ಳಿತು, ಅವತ್ತಿನಿಂದ ನೀರು ಕರೆಯುತ್ತಿಲ್ಲ ಎಂದು ಬರೆದಿದ್ದೀಯ. ನನಗೆ ಆ ಒಂದು ಸಾಲು ಸಾಕು. ಅವತ್ತು ಬೆಳಗ್ಗೆ ನಾನು ನಂಜನಗೂಡಿನಲ್ಲಿ ಕೈ ಅದ್ದಿದ್ದು ನಿಜ. ಅಲ್ಲಿಂದ ನಿನ್ನ ಸಂಗಮಕ್ಕೆ ಹರಿಯಲು ನೀರಿಗೆ ಹೊತ್ತು ಬೇಕು. ಕೈಗೆ ಬೇಡವೇನೋ.

ನೀನು ಬರೆದು ಕಳಿಸಿದ ಚಿತ್ರ ಬಂತು. ಇಷ್ಟು ತಿಂಗಳ ಮೇಲೆ ನಿನ್ನ ಮೊದಲ ಚಿತ್ರ, ಅದೂ ನಮ್ಮ ಮನೆಯದು. ಬಿಸಿಲಿಗೆ ಹಿಡಿದು, ಕಣ್ಣಿನ ಹತ್ತಿರ ತಂದು, ತುಂಡು ತುಂಡಾಗಿ ನೋಡಿದೆ. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತವರಿಗೆ ಕಾಣುವ ಹಾಗೆ ಬರೆದಿದ್ದೀಯ. ಮೊಳೆಗೆ ತೂಗುಹಾಕಿದ ನಿನ್ನ ದೊಡ್ಡಪ್ಪನ ಛತ್ರಿ, ಗೋಣಿಚೀಲದ ಮೇಲೆ ಕಂದು ಬಣ್ಣದ ಬೆಕ್ಕಿನ ಮರಿ. ಆ ಮರಿ ಹುಟ್ಟಿದ್ದು ನೀನು ಹೋದ ಮೇಲೆ, ಅದರ ಸುದ್ದಿ ನಿನಗೆ ಯಾರು ಹೇಳಿದರು? ಒಲೆಯ ಮೇಲಿನ ಗೋಡೆಯಲ್ಲಿ ಒಂದು ಬಿರುಕನ್ನೂ ಬರೆದಿದ್ದೀಯ. ನಮ್ಮ ಗೋಡೆಯಲ್ಲಿ ಬಿರುಕೆಲ್ಲಿದೆ ಎಂದುಕೊಂಡು ಎದ್ದು ಹೋಗಿ ಕೈಯಿಂದ ತಡವಿದೆ. ಇದೆ. ನೀನು ಬರೆದ ಜಾಗದಲ್ಲೇ, ನೀನು ಬರೆದಷ್ಟೇ ಉದ್ದಕ್ಕೆ.

ಚೆನ್ನಾಗಿ ಬರೆದಿದ್ದೀಯ ಕೂಸೇ. ಬೆಕ್ಕಿನ ಕಣ್ಣಿಗೆ ಜೀವ ಬಂದಿದೆ.

ದೊಡ್ಡವ್ವ

ಸುಣ್ಣ ಬಳಿಯಲೆಂದು ಕುಂಚ ಕಳಿಸಬೇಡ. ಇಲ್ಲಿ ಇದೆ.


ಬದನವಾಳು
೨೬-೧೧-೨೦೦೬

ನನ್ನ ಕೋಮಲ,

ಬೆನ್ನಿಗೆ ಬಿಸಿಲು ತಾಕುತ್ತಿದೆ. ಹಾಗಾಗಿ ಇದು ಬೆಳಗಿನ ಹೊತ್ತು.

ಸಾಲು ಈ ಸಲ ಸೊಟ್ಟಗಿಲ್ಲ, ನೋಡಿದೆಯಾ? ಒಂದು ಹಲಗೆಗೆ ಅಡ್ಡಡ್ಡಲಾಗಿ ನೂಲು ಬಿಗಿದು, ಅದರ ಅಡಿಗೆ ಕಾಗದ ತೂರಿಸಿದ್ದೇನೆ. ಎರಡು ನೂಲಿನ ನಡುವೆ ಎಡಗೈ ಬೆರಳಿಟ್ಟುಕೊಂಡು ಬರೆಯುತ್ತ ಹೋಗುತ್ತೇನೆ. ನಾನೇ ಕಂಡುಕೊಂಡ ಉಪಾಯ. ಎಲ್ಲಾದರೂ ಅಕ್ಷರದ ಮೇಲೆ ಅಕ್ಷರ ಕೂತಿದ್ದರೆ ನಿಧಾನವಾಗಿ ಬಿಡಿಸಿಕೊಂಡು ಓದು, ನಿನ್ನ ಕಣ್ಣು ಈಗ ಚುರುಕಾಗಿದೆ.

ನಿನ್ನ ಕಾಗದ ಬಂದು ಸುಮಾರು ದಿನವಾಯಿತು. ಪೋಸ್ಟಿನ ಚಿಕ್ಕಬಸಪ್ಪ ಬಂದು ನನ್ನ ಕೈ ಹಿಡಿದು ಕೊಟ್ಟುಹೋದ. ಅದನ್ನು ನಾನು ಓದಿಲ್ಲ. ಓದಿಸಿಕೊಳ್ಳಲು ಕಿವಿಯೂ ಇಲ್ಲ ಎನ್ನುವುದು ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಆದರೆ ಕಾಗದ ಬಿಚ್ಚಿ ಬೆನ್ನ ಮೇಲೆ ಬೆರಳಾಡಿಸಿದೆ. ಆಗಸ್ಟಿನಲ್ಲಿ ಪೆನ್ನು ತಾಕಿರಲೇ ಇಲ್ಲ, ಈಗ ಪ್ರತಿ ಅಕ್ಷರವೂ ಹಿಂದಕ್ಕೆ ಉಬ್ಬಿ ಬಂದಿದೆ. ಒಂದು ಕಡೆ ಕಾಗದ ತೂತೇ ಆಗಿದೆ. ಅಲ್ಲಿ ನನ್ನನ್ನು ಬೈದಿದ್ದೀಯ ಎಂದುಕೊಂಡೆ. ಇಷ್ಟು ಒತ್ತಿ ಬರೆಯುವ ಕೈ ಮೆಟ್ಟಿಲು ಇಳಿಯುವ ಕೈಯಲ್ಲ. ನನಗೆ ಬೇಕಾಗಿದ್ದ ಸುದ್ದಿ ಅದೊಂದೇ. ಅದು ಓದದೆಯೇ ಸಿಕ್ಕಿತು.

ಜಗನ್ ತಂದುಕೊಟ್ಟ ಕದಿರನ್ನು ಕಲ್ಲಯ್ಯ ಮಗ್ಗಕ್ಕೆ ಮುಟ್ಟಿಸಿದ. ಸೀರೆ ಆಗಿದೆ. ಅವನು ನನ್ನ ಕೈ ಹಿಡಿದು ಸೆರಗಿನ ಗೆರೆಯ ಮೇಲೆ ಇಟ್ಟ. ಅಂಚಿನಿಂದ ಅಂಚಿಗೆ ಬೆರಳಾಡಿಸಿದೆ. ಮೊದಲು ನನ್ನ ನೂಲು, ಆಮೇಲೆ ನಿನ್ನದು. ಎಲ್ಲಿ ನನ್ನದು ಮುಗಿಯಿತು, ಎಲ್ಲಿ ನಿನ್ನದು ಶುರುವಾಯಿತು ಎಂದು ಹುಡುಕಿದೆ, ಇಷ್ಟು ವರ್ಷ ನೂತ ಬೆರಳಿಗೂ ಗೊತ್ತಾಗಲಿಲ್ಲ. ಎಲ್ಲೂ ಗಂಟಿಲ್ಲ. ಅವತ್ತು ಕಲ್ಲಯ್ಯ ನನ್ನ ಕೈ ಹಿಡಿದೇ ಮನೆಯವರೆಗೂ ಬಿಟ್ಟುಹೋದ. ಇಲ್ಲಿ ಎಲ್ಲರೂ ನನಗೆ ಜ್ವರದಿಂದ ಹೀಗಾಗಿದೆ ಎಂದುಕೊಂಡಿರಬೇಕು. ಹಾಗೇ ಅಂದುಕೊಳ್ಳಲಿ.

ನನಗೇನೂ ಕಷ್ಟವಿಲ್ಲ. ಬೆಕ್ಕು ತೊಡೆಯ ಮೇಲೆ ಬಂದು ಕೂರುತ್ತದೆ, ಅದರ ಗುರುಗುಟ್ಟುವಿಕೆ ಅಂಗೈಗೆ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಅಂಗಾಲಿನಡಿ ನೆಲ ಸಣ್ಣಗೆ ಅದುರುತ್ತದೆ. ಆಗ, ಈಗ ಕೋಮಲಳಿಗೆ ರೈಲು ಕೇಳುತ್ತಿದೆ ಎಂದುಕೊಳ್ಳುತ್ತೇನೆ.

ಬರಬೇಡ ಎಂದಿದ್ದೆ. ಈಗ ಬಾ. ಬಂದು ಬಾಗಿಲು ತಟ್ಟುತ್ತ ನಿಲ್ಲಬೇಡ, ಕೂಗಬೇಡ. ಒಳಗೆ ಬಂದು ಕೈ ಹಿಡಿ. ಸ್ವಲ್ಪ ಬೇಗ ಬಾ, ಕೈ ಇನ್ನೂ ನನ್ನದಾಗಿರುವಾಗಲೇ.

ಯಾವತ್ತೂ ನಿನ್ನವಳಾದ
ದೊಡ್ಡವ್ವ ಮಹದೇವಮ್ಮ

ಕೊನೆಗೊಂದು ಮಾತು: ಹೋದ ಕಾಗದದಲ್ಲಿ ಮಾದಮ್ಮನ ಕಥೆಯ ಕೊನೆಯನ್ನು ನಾನು ಬದಲಾಯಿಸಿ ಬರೆದಿದ್ದೆ. ನಡುವೆ ಕಡಿದರೆ ಹೋದದ್ದೆಲ್ಲ ಕೊಟ್ಟವಳಿಗೇ ತಿರುಗಿ ಬರುತ್ತದೆ ಎಂದಿದ್ದಳು ಅವಳು. ಅದನ್ನು ಹೇಳಿದ್ದರೆ ಅವತ್ತೇ ನೀನು ಕಡಿಯುತ್ತಿದ್ದೆ, ನಿನ್ನನ್ನು ಬೆಳೆಸಿದವಳಿಗೆ ಅಷ್ಟು ತಿಳಿಯದೇ? ಈಗ ಅದು ಸೆರಗಿನಲ್ಲಿದೆ, ಕಡಿಯಲು ಎಳೆಯೇ ಇಲ್ಲ. ಇನ್ನೇನೋ ಬರೆಯಬೇಕೆಂದಿದ್ದೆ. ನನ್ನ ಬೆರಳಿನಲ್ಲಿರುವುದು ಪೆನ್ನು, ಆದರೆ ತಾಕುತ್ತಿರುವುದು ನಿನ್ನ ಪೆನ್ಸಿಲ್, ಮರದ್ದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದು. ದುಂಡಗೆ ತಿರುಗುತ್ತಿದೆ, ಬಳ್ಳಿಯೋ ಹೂವೋ. ಅಷ್ಟು ಬಿಗಿಯಾಗಿ ಹಿಡಿಯಬೇಡ ಕೂಸೇ. ನಿಲ್ಲಿಸಲೂ ಬೇಡ.